ಟ್ರಂಪೆಟ್ ಸಂಗೀತ ಕೇಳಲು ಬ್ರೌಸರನ್ನು ಹದಗೊಳಿಸಿಕೊಂಡ ಬಗೆ

ಶಿರಾಗೇಟ್ ಕೇಳುಗ (ಚರ್ಚೆ ಆರಂಭಿಸಿದವರು)

ನಾನು ವೃತ್ತಿಯಿಂದ ಪ್ರೋಗ್ರಾಮರ್ ಅಲ್ಲ. ತುಮಕೂರಿನಲ್ಲಿ ಕೊಬ್ಬರಿ ಮತ್ತು ಅಡಿಕೆ ವ್ಯಾಪಾರಸ್ಥರ ಜಿಎಸ್‌ಟಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕಸುಬು. ಸಂಜೆಯ ಹೊತ್ತು ಜಾವಾಸ್ಕ್ರಿಪ್ಟ್ ಬರೆಯುವುದು ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಟ್ರಂಪೆಟ್‌ಗೆಂದು ರಚನೆಯಾದ ಕೃತಿಗಳನ್ನು ಕೇಳುವುದು ಹವ್ಯಾಸ. ನಾನು ಊದುವವನಲ್ಲ, ಕೇಳುವವನು ಮಾತ್ರ. ಇಂತಹ ಕಛೇರಿಗಳಿಗೆ ಬೆಂಗಳೂರಿಗೆ ಹೋಗಬೇಕು, ರಾತ್ರಿ ಮುಗಿದ ಮೇಲೆ ಊರಿಗೆ ಮರಳುವುದು ಪ್ರಯಾಸ. ಹೀಗಾಗಿ ನನ್ನ ಪಾಲಿಗೆ ಕಛೇರಿ ಸಭಾಂಗಣವೆಂದರೆ ಬ್ರೌಸರೇ. ಆದರೆ ಬ್ರೌಸರಾಗಲಿ, ಅದರೊಳಗೆ ತೆರೆದುಕೊಳ್ಳುವ ವಿಡಿಯೊ ತಾಣಗಳಾಗಲಿ ರೂಪುಗೊಂಡಿರುವುದು ಒಂದನ್ನು ನೋಡಿ ಮುಂದಿನದಕ್ಕೆ ಹೋಗುವವರಿಗಾಗಿ. ಒಂದು ಕೃತಿಯ ಎಂಟು ಆವರ್ತಗಳನ್ನೇ ಮತ್ತೆ ಮತ್ತೆ ಕೇಳಿ, ಅಲ್ಲಿ ವಾದಕ ಏನು ಮಾಡುತ್ತಿದ್ದಾನೆಂದು ತಿಳಿಯಬಯಸುವವನಿಗೆ ಬೇಕಾದ ಸಲಕರಣೆಯನ್ನು ಅವನೇ ಮಾಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಮಾಡಿಕೊಂಡಿರುವುದನ್ನು ಇಲ್ಲಿ ವಿವರಿಸುತ್ತೇನೆ; ನಿಮ್ಮ ತಿದ್ದುಪಡಿಗಳಿಗೆ ಸ್ವಾಗತವಿದೆ.

ಮೊದಲು ಹೊರನೋಟದ ವಿಚಾರ. ನಾನು ಬಳಸುವುದು ಫೈರ್‌ಫಾಕ್ಸ್. ಅದರ ಪ್ರೊಫೈಲ್ ಫೋಲ್ಡರಿನಲ್ಲಿ ‘ಕ್ರೋಮ್’ ಎಂಬ ಹೆಸರಿನ ಒಂದು ಫೋಲ್ಡರ್ ಮಾಡಿ, ಅದರೊಳಗೆ ‘ಯೂಸರ್‌ಕ್ರೋಮ್ ಡಾಟ್ ಸಿಎಸ್‌ಎಸ್’ ಎಂಬ, ಹೊರನೋಟದ ನಿಯಮಗಳಿರುವ ಕಡತವನ್ನು ಇಟ್ಟರೆ ಬ್ರೌಸರಿನ ಪಟ್ಟಿಗಳು, ಗುಂಡಿಗಳು, ಟ್ಯಾಬುಗಳೆಲ್ಲವೂ ನಮ್ಮ ಮಾತು ಕೇಳುತ್ತವೆ. 2019ರಲ್ಲಿ ಬಂದ 69ನೇ ಆವೃತ್ತಿಯಿಂದೀಚೆಗೆ ಈ ಕಡತವನ್ನು ಬ್ರೌಸರ್ ತಾನಾಗಿ ಓದುವುದಿಲ್ಲ. ‘ಅಬೌಟ್ ಕಾನ್ಫಿಗ್’ ಪುಟಕ್ಕೆ ಹೋಗಿ, ‘ಲೆಗಸಿ ಯೂಸರ್ ಪ್ರೊಫೈಲ್ ಕಸ್ಟಮೈಸೇಷನ್ಸ್’ ಎಂದು ಹುಡುಕಿದಾಗ ಸಿಗುವ ಆಯ್ಕೆಯನ್ನು ‘ಟ್ರೂ’ ಎಂದು ಬದಲಿಸಬೇಕು. ಕಡತ ತಿದ್ದಿದಾಗಲೆಲ್ಲ ಬ್ರೌಸರನ್ನು ಮುಚ್ಚಿ ತೆರೆಯಬೇಕಾಗುತ್ತದೆ. ನನ್ನದರಲ್ಲಿ ಮೇಲಿನ ಟ್ಯಾಬ್ ಪಟ್ಟಿ ಇಲ್ಲ, ಬುಕ್‌ಮಾರ್ಕ್ ಪಟ್ಟಿ ಇಲ್ಲ. ಉಳಿದ ಜಾಗವೆಲ್ಲ ಸ್ವರಲಿಪಿಗೆ ಮೀಸಲು. ಪುಟಗಳ ಒಳಭಾಗಕ್ಕಾಗಿ ‘ಯೂಸರ್‌ಕಂಟೆಂಟ್ ಡಾಟ್ ಸಿಎಸ್‌ಎಸ್’ ಎಂಬ ಇನ್ನೊಂದು ಕಡತವಿದೆ. ‘ಮುಂದೆ ಇದನ್ನು ನೋಡಿ’ ಎಂಬ ಸಲಹೆಗಳ ಸಾಲನ್ನೂ ಪ್ರತಿಕ್ರಿಯೆಗಳನ್ನೂ ಅದರ ಮೂಲಕ ಮರೆಮಾಡಿದ್ದೇನೆ. ಇಷ್ಟನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು, ಹೆಚ್ಚು ಹೇಳುವಂಥದ್ದೇನೂ ಇಲ್ಲ.

ನಿಜವಾದ ಕೆಲಸ ಇರುವುದು ಯೂಸರ್‌ಸ್ಕ್ರಿಪ್ಟಿನಲ್ಲಿ, ಅಂದರೆ ತೆರೆದ ಪುಟದ ಮೇಲೆ ಬಳಕೆದಾರನೇ ಓಡಿಸುವ ಪುಟ್ಟ ಪ್ರೋಗ್ರಾಮಿನಲ್ಲಿ. ವಯಲೆಂಟ್‌ಮಂಕಿ ಎಂಬ ವಿಸ್ತರಣೆಯ (ಬ್ರೌಸರಿಗೆ ಸೇರಿಸಿಕೊಳ್ಳುವ ಸಲಕರಣೆಯ) ಮೂಲಕ ಓಡುವ ನನ್ನ ಸ್ಕ್ರಿಪ್ಟ್ ಮೂರು ಕೆಲಸಗಳನ್ನು ಮಾಡುತ್ತದೆ. ಗುರುತು ಮಾಡಿದ ಎರಡು ಬಿಂದುಗಳ ನಡುವಿನ ಭಾಗವನ್ನು ಪುನರಾವರ್ತಿಸುತ್ತದೆ. ವೇಗವನ್ನು ನಾನು ಹೇಳಿದಷ್ಟು ಇಳಿಸುತ್ತದೆ. ವೇಗ ಬದಲಾದಾಗ ಶ್ರುತಿಯೂ ಅದರ ಜೊತೆಗೆ ಬದಲಾಗಬೇಕೋ ಬೇಡವೋ ಎಂಬುದನ್ನು ಒಂದು ಕೀಲಿಯ ಒತ್ತಿಗೆ ಬಿಟ್ಟುಕೊಡುತ್ತದೆ. ಈ ಮೂರನೆಯದೇ ನನಗೆ ಬಹಳ ಮುಖ್ಯ, ಮತ್ತು ಸಿದ್ಧ ವಿಸ್ತರಣೆಗಳಲ್ಲಿ ಅಷ್ಟಾಗಿ ಗಮನ ಪಡೆಯದ್ದು ಇದೇ.

ಪುಟದಲ್ಲಿ ವಿಡಿಯೊ ಅಥವಾ ಆಡಿಯೊ ನುಡಿಸುವ ಭಾಗಕ್ಕೆ (ಎಲಿಮೆಂಟಿಗೆ) ವೇಗವನ್ನು ಹೇಳುವ ‘ಪ್ಲೇಬ್ಯಾಕ್‌ರೇಟ್’ ಎಂಬ ಗುಣದ ಜೊತೆಗೆ ಶ್ರುತಿಯನ್ನು ಕಾಯುವ ‘ಪ್ರಿಸರ್ವ್ಸ್‌ಪಿಚ್’ ಎಂಬ ಗುಣವೂ ಇದೆ. ಎರಡನೆಯದು ಮೊದಲಿನಿಂದಲೇ ‘ಟ್ರೂ’ ಆಗಿರುತ್ತದೆ, ಅಂದರೆ ವೇಗ ಇಳಿದರೂ ಶ್ರುತಿ ಇಳಿಯದಂತೆ ಬ್ರೌಸರ್ ಧ್ವನಿಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಹೊಂದಿಸಿ ಹಿಗ್ಗಿಸುತ್ತದೆ. ಫೈರ್‌ಫಾಕ್ಸ್ ಈ ಕೆಲಸಕ್ಕೆ ಸೌಂಡ್‌ಟಚ್ ಎಂಬ ಲೈಬ್ರರಿಯನ್ನು ಬಳಸುತ್ತದೆ. ಮಾತಿಗೆ ಇದು ಸಾಕು. ಟ್ರಂಪೆಟ್‌ಗೆ ಸಾಲದು, ಏಕೆಂದರೆ ಟ್ರಂಪೆಟ್‌ನ ಪ್ರತಿ ಸ್ವರವೂ ನಾಲಿಗೆಯ ಒಂದು ಸಣ್ಣ ಹೊಡೆತದಿಂದ ಶುರುವಾಗುತ್ತದೆ, ಹಿಗ್ಗಿಸಿದಾಗ ಮೊದಲು ಕೆಡುವುದು ಆ ಹೊಡೆತವೇ. ಅರ್ಧ ವೇಗದಲ್ಲಿ ಒಂದೇ ಹೊಡೆತ ಎರಡೆರಡು ಬಾರಿ ಕೇಳಿಸುತ್ತದೆ. ಆ ಗುಣವನ್ನು ‘ಫಾಲ್ಸ್’ ಮಾಡಿದರೆ ಯಾವ ಕತ್ತರಿಸುವಿಕೆಯೂ ಇರುವುದಿಲ್ಲ, ಹಳೆಯ ಟೇಪನ್ನು ನಿಧಾನವಾಗಿ ಓಡಿಸಿದಂತೆ ಧ್ವನಿ ತನ್ನೆಲ್ಲ ವಿವರಗಳೊಂದಿಗೆ ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದೂ ಸ್ವಾರಸ್ಯಕರ: ವೇಗವನ್ನು ಅರ್ಧ ಮಾಡಿದರೆ ಪೂರ್ತಿ ಒಂದು ಸ್ಥಾಯಿ, ಮುಕ್ಕಾಲು ಮಾಡಿದರೆ ಬಹುತೇಕ ಐದು ಸ್ವರಸ್ಥಾನ, ಅಂದರೆ ಷಡ್ಜವು ಮಂದ್ರ ಪಂಚಮಕ್ಕೆ ಬಂದು ನಿಲ್ಲುತ್ತದೆ.

ಇದರಿಂದ ಇನ್ನೊಂದು ಉಪಯೋಗವಿದೆ. ಜರ್ಮನ್ ರಚನಕಾರ ಬಾಖ್ 1721ರಲ್ಲಿ ಬ್ರಾಂಡೆನ್‌ಬರ್ಗ್‌ನ ಮಾರ್ಗ್ರೇವ್‌ಗೆ (ಅಲ್ಲಿನ ರಾಜಮನೆತನದವರಿಗೆ) ಅರ್ಪಿಸಿದ ಆರು ಕಾನ್ಸರ್ಟೊಗಳಲ್ಲಿ (ಒಂದು ಅಥವಾ ಕೆಲವು ಮುಖ್ಯ ವಾದ್ಯಗಳು ವಾದ್ಯವೃಂದದೊಂದಿಗೆ ನುಡಿಯುವ ಕೃತಿಗಳಲ್ಲಿ) ಎರಡನೆಯದು ಟ್ರಂಪೆಟ್ ಪ್ರಿಯರಿಗೆ ತೀರ ಆಪ್ತವಾದದ್ದು. (1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳೊಂದಿಗೆ ಹೋದ ಚಿನ್ನದ ಲೇಪದ ತಟ್ಟೆಯಲ್ಲಿ ಇದರ ಮೊದಲ ಭಾಗವಿದೆ, ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಗಾಯನವೂ ಇದೆ ಎಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ.) ಇಂದಿನ ವಾದ್ಯಗಳಲ್ಲಿ ನುಡಿಸುವವರು ಸಾಮಾನ್ಯವಾಗಿ 440 ಹರ್ಟ್ಜ್ ಶ್ರುತಿಯಲ್ಲಿ ನುಡಿಸುತ್ತಾರೆ, ಆ ಕಾಲದ ಬಗೆಯ ವಾದ್ಯಗಳನ್ನು ಹಿಡಿದವರಲ್ಲಿ 415 ರೂಢಿ. ವ್ಯತ್ಯಾಸ ಹೆಚ್ಚುಕಡಿಮೆ ಒಂದು ಸ್ವರಸ್ಥಾನ. 440ನ್ನು 415ರಿಂದ ಭಾಗಿಸಿದರೆ 1.06 ಬರುತ್ತದೆ. ಶ್ರುತಿಯ ರಕ್ಷಣೆಯನ್ನು ತೆಗೆದು 415ರ ಧ್ವನಿಮುದ್ರಣದ ವೇಗವನ್ನು 1.06 ಮಾಡಿದರೆ ಎರಡೂ ಧ್ವನಿಮುದ್ರಣಗಳು ಒಂದೇ ಶ್ರುತಿಗೆ ಬರುತ್ತವೆ. ಆಗ ಒಂದಾದ ಮೇಲೊಂದು ಕೇಳಿದರೆ ಕಿವಿಗೆ ವಾದ್ಯದ ವ್ಯತ್ಯಾಸ ಮಾತ್ರ ತಿಳಿಯುತ್ತದೆ, ಶ್ರುತಿಯ ವ್ಯತ್ಯಾಸ ಅಡ್ಡ ಬರುವುದಿಲ್ಲ.

ಗುಬ್ಬಿಗೇಟ್ ವಿದ್ಯಾರ್ಥಿನಿ

ಸರ್, ಬಹಳ ಉಪಯುಕ್ತ ಬರಹ. ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ, ಟ್ರಂಪೆಟ್ ಕಲಿಯುತ್ತಲೂ ಇದ್ದೇನೆ. ಪುನರಾವರ್ತನೆಯ ಕೊನೆಯ ಬಿಂದು ಬಂದಿದೆಯೇ ಎಂದು ನೀವು ಎಲ್ಲಿ ಪರೀಕ್ಷಿಸುತ್ತೀರಿ? ನಾನು ‘ಟೈಮ್‌ಅಪ್‌ಡೇಟ್’ ಈವೆಂಟಿನಲ್ಲಿ, ಅಂದರೆ ಧ್ವನಿ ಮುಂದೆ ಸಾಗುತ್ತಿದ್ದಂತೆ ಬ್ರೌಸರ್ ಆಗಾಗ ಕಳುಹಿಸುವ ಸೂಚನೆಯಲ್ಲಿ, ಪರೀಕ್ಷಿಸುವಂತೆ ಬರೆದಿದ್ದೆ. ಕೆಲವೊಮ್ಮೆ ಸರಿಯಾದ ಜಾಗದಲ್ಲಿ ಹಿಂದಕ್ಕೆ ಬರುತ್ತದೆ, ಕೆಲವೊಮ್ಮೆ ಮುಂದಿನ ಸ್ವರ ಅರ್ಧ ಕೇಳಿಸಿದ ಮೇಲೆ ಬರುತ್ತದೆ.

ಶಿರಾಗೇಟ್ ಕೇಳುಗ

ಆ ಈವೆಂಟಿನ ಸ್ವಭಾವವೇ ಹಾಗೆ. ಅದು ಸೆಕೆಂಡಿಗೆ ನಾಲ್ಕರಿಂದ ಅರವತ್ತಾರು ಬಾರಿಯವರೆಗೆ ಬರಬಹುದೆಂದು ಮಾನದಂಡ ಹೇಳುತ್ತದೆ; ಅಂದರೆ ಬ್ರೌಸರ್ ಕಾಲು ಸೆಕೆಂಡಿಗೊಮ್ಮೆ ಕಳುಹಿಸಿದರೂ ಅದು ನಿಯಮದೊಳಗೇ ಇದೆ. ನಿಮಿಷಕ್ಕೆ 120 ಎಣಿಕೆಯ ಗತಿಯಲ್ಲಿ ಕಾಲು ಸೆಕೆಂಡೆಂದರೆ ಅರ್ಧ ಎಣಿಕೆ, ನಿಮಗೆ ಕೇಳಿಸಿದ ಅರ್ಧ ಸ್ವರ ಅದೇ. ನಾನು ಪರದೆಯ ಚಿತ್ರ ಹೊಸದಾಗುವ ಪ್ರತಿ ಬಾರಿಯೂ ನಡೆಯುವ ‘ರಿಕ್ವೆಸ್ಟ್ ಅನಿಮೇಷನ್ ಫ್ರೇಮ್’ ಬಳಸುತ್ತೇನೆ. ಸಾಮಾನ್ಯ ಪರದೆಯಲ್ಲಿ ಅದು ಸೆಕೆಂಡಿಗೆ ಅರವತ್ತು ಬಾರಿ ನಡೆಯುವುದರಿಂದ ಕಿವಿಗೆ ತಪ್ಪು ತಿಳಿಯುವುದಿಲ್ಲ. ಆದರೆ ಆ ಟ್ಯಾಬನ್ನು ಬಿಟ್ಟು ಬೇರೆ ಟ್ಯಾಬಿಗೆ ಹೋದರೆ ಅದು ನಿಂತುಹೋಗುತ್ತದೆ, ಪುನರಾವರ್ತನೆಯೂ ನಿಲ್ಲುತ್ತದೆ. ಸ್ವರಲಿಪಿಯನ್ನು ನಾನು ಬೇರೆ ಟ್ಯಾಬಿನಲ್ಲಿ ತೆರೆಯದೆ ಪಕ್ಕದಲ್ಲಿ ಬೇರೆ ಕಿಟಕಿಯಾಗಿಯೇ ಇಟ್ಟುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ನಿಮ್ಮಲ್ಲಿರುವ ಸಿಡಿಗಳಿಂದ ಮಾಡಿಕೊಂಡ ಕಡತಗಳಾದರೆ ಇದಕ್ಕಿಂತ ಒಳ್ಳೆಯ ದಾರಿಯಿದೆ. ಬ್ರೌಸರಿನೊಳಗಿನ ಧ್ವನಿ ಸೌಲಭ್ಯವಾದ ವೆಬ್ ಆಡಿಯೊದಲ್ಲಿ ‘ಆಡಿಯೊ ಬಫರ್ ಸೋರ್ಸ್ ನೋಡ್’ ಎಂಬುದಕ್ಕೆ ‘ಲೂಪ್‌ಸ್ಟಾರ್ಟ್’, ‘ಲೂಪ್‌ಎಂಡ್’ ಎಂಬ ಗುಣಗಳಿವೆ. ಪುನರಾವರ್ತನೆಯನ್ನು ಧ್ವನಿಯ ಎಂಜಿನ್ನೇ ನೋಡಿಕೊಳ್ಳುವುದರಿಂದ ಎಳ್ಳಷ್ಟೂ ವ್ಯತ್ಯಾಸ ಬರುವುದಿಲ್ಲ. ಅದರಲ್ಲಿ ವೇಗ ಬದಲಿಸಿದರೆ ಶ್ರುತಿಯೂ ಜೊತೆಗೇ ಬದಲಾಗುತ್ತದೆ. ನನಗಂತೂ ಬೇಕಾದದ್ದು ಅದೇ.

ನಿವೃತ್ತ ಬ್ಯಾಂಡ್ ವಾದಕ

ಬ್ರೌಸರಿನ ಒಳಗುಟ್ಟು ನನಗೆ ತಿಳಿಯದು. ನಾನು ಸರ್ಕಾರಿ ಬ್ಯಾಂಡೊಂದರಲ್ಲಿ ಸೇವಾವಧಿಯುದ್ದಕ್ಕೂ ಕಾರ್ನೆಟ್ ಮತ್ತು ಟ್ರಂಪೆಟ್ ಊದಿದವನು. ಈಗ ತುಮಕೂರಿನಲ್ಲಿ ನೆಲೆಸಿ ಕೆಲವು ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ಮಗನಿಂದ ಈ ಚರ್ಚೆಯನ್ನು ಓದಿಸಿಕೊಂಡೆ. ನನ್ನದೊಂದು ಆಕ್ಷೇಪಣೆ ಇದೆ.

ನಿಧಾನ ಮಾಡಿ ಕಲಿಯುವವರಿಗೆ ಸ್ವರಗಳು ಬರುತ್ತವೆ, ಉಸಿರು ಬರುವುದಿಲ್ಲ. ವಾದಕನು ಎಂಟು ಸೆಕೆಂಡುಗಳ ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಊದುತ್ತಾನೆ ಎಂದುಕೊಳ್ಳಿ. ನೀವು ಅರ್ಧ ವೇಗಕ್ಕೆ ಇಳಿಸಿದರೆ ಅದು ಹದಿನಾರು ಸೆಕೆಂಡಾಗುತ್ತದೆ. ಅದರ ಜೊತೆಗೆ ಊದಲು ಹೋದ ವಿದ್ಯಾರ್ಥಿಗೆ ಅಷ್ಟು ಉಸಿರು ಇರುವುದಿಲ್ಲ, ನಡುವೆ ಎಲ್ಲೋ ಒಂದು ಕಡೆ ಎಳೆದುಕೊಳ್ಳುತ್ತಾನೆ. ಮುಂದೆ ಪೂರ್ತಿ ವೇಗದಲ್ಲಿ ನುಡಿಸುವಾಗಲೂ ಅದೇ ಜಾಗದಲ್ಲಿ ಸಾಲು ಮುರಿಯುತ್ತದೆ. ಆ ಅಭ್ಯಾಸವನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ ಎಂಬುದನ್ನು ಮಕ್ಕಳಲ್ಲಿ ನೋಡುತ್ತಲೇ ಇದ್ದೇನೆ.

ಇನ್ನೊಂದು ಮಾತು. ನೀವು ಹೇಳಿದ ಬಾಖ್ ಅವರ ಕೃತಿ ಪಿಸ್ಟನ್ (ಬೆರಳಿನಿಂದ ಒತ್ತುವ ಕವಾಟ) ಇಲ್ಲದ ಕಾಲದ್ದು. ಆಗಿನ ಟ್ರಂಪೆಟ್ ಬರೀ ಒಂದು ಉದ್ದನೆಯ ಕೊಳವೆ. ತುಟಿಯ ಬಿಗುವಿನಿಂದ ಹುಟ್ಟುವ ಸಹಜ ಸ್ವರಗಳಷ್ಟೇ ಅದರಲ್ಲಿ ಸಿಗುತ್ತವೆ: ಕೆಳಗೆ ಸ, ಪ, ಮೇಲೆ ಮತ್ತೆ ಸ, ಗ, ಪ. ಎಂಟನೆಯ ಸಹಜ ಸ್ವರದಿಂದ ಮೇಲಕ್ಕೆ ಹೋದಾಗ ಮಾತ್ರ ಸ ರಿ ಗ ಎಂದು ಒತ್ತೊತ್ತಾಗಿ ಸಿಗುತ್ತವೆ. ಆದ್ದರಿಂದಲೇ ಆ ಕಾಲದ ಟ್ರಂಪೆಟ್ ಸಂಗೀತ ಅಷ್ಟು ಎತ್ತರದಲ್ಲಿ ಇರುವುದು. ಅಲ್ಲಿಯೂ ಹನ್ನೊಂದನೆಯದು ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ನಡುವೆ ಬೀಳುತ್ತದೆ. ಅದನ್ನು ತುಟಿಯಿಂದಲೇ ಬಗ್ಗಿಸಿ ಸರಿಯಾದ ಜಾಗಕ್ಕೆ ತರಬೇಕು. ನಮ್ಮ ವಾದ್ಯದಲ್ಲಿ ಪಿಸ್ಟನ್‌ಗಳಿವೆ: ತೋರುಬೆರಳಿನದು ಎರಡು ಸ್ವರಸ್ಥಾನ ಇಳಿಸುತ್ತದೆ, ನಡುಬೆರಳಿನದು ಒಂದು, ಉಂಗುರಬೆರಳಿನದು ಮೂರು. ಹಾಗಿದ್ದೂ ಒಂದನ್ನೂ ಮೂರನ್ನೂ ಒಟ್ಟಿಗೆ ಒತ್ತಿದಾಗ ಸ್ವರ ಚೂರು ಮೇಲೆ ನಿಲ್ಲುತ್ತದೆ, ಮೂರನೆಯ ಪಿಸ್ಟನ್‌ನ ಸ್ಲೈಡನ್ನು (ಜಾರುವ ಕೊಳವೆಯನ್ನು) ಹೊರಕ್ಕೆ ತಳ್ಳಿ ಸರಿಪಡಿಸಬೇಕು. ಈ ತಿದ್ದುವಿಕೆಗಳೆಲ್ಲ ಕ್ಷಣಮಾತ್ರದಲ್ಲಿ ಆಗುವಂಥವು. ನಿಧಾನ ಮಾಡಿ ಕೇಳಿದರೆ ಅವು ಕಲಿಯಬೇಕಾದ ಅಪಸ್ವರದಂತೆ ಕೇಳಿಸುವ ಅಪಾಯವಿದೆ.

ಶಿರಾಗೇಟ್ ಕೇಳುಗ

ಮೇಷ್ಟ್ರೇ, ಉಸಿರಿನ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಊದುವವರು ನನ್ನ ಸ್ಕ್ರಿಪ್ಟನ್ನು ಅರ್ಧ ವೇಗದಲ್ಲಿ ಹಾಕಿಕೊಂಡು ಅದರ ಜೊತೆಗೆ ನುಡಿಸಬೇಕೆಂದು ನಾನು ಹೇಳಲಾರೆ. ಆದರೆ ಕೇಳುವವನ ಅಗತ್ಯ ಬೇರೆ. ನೀವೇ ವಿವರಿಸಿದ ಆ ಹನ್ನೊಂದನೆಯ ಸ್ವರವನ್ನು ವಾದಕ ಬಗ್ಗಿಸಿ ಮಧ್ಯಮಕ್ಕೆ ತರುವುದು ಪೂರ್ತಿ ವೇಗದಲ್ಲಿ ನನ್ನಂಥವನ ಕಿವಿಗೆ ಸಿಕ್ಕುವುದೇ ಇಲ್ಲ. ಶ್ರುತಿ ರಕ್ಷಣೆ ಇಲ್ಲದೆ ಮುಕ್ಕಾಲು ವೇಗದಲ್ಲಿ ಕೇಳಿದಾಗ, ಸ್ವರವು ಮೇಲಿನಿಂದ ಜಾರಿ ತನ್ನ ಸ್ಥಾನದಲ್ಲಿ ಕೂರುವುದು ಸ್ಪಷ್ಟವಾಗಿ ತಿಳಿಯುತ್ತದೆ. ಹಿಗ್ಗಿಸಿದ ಧ್ವನಿಯಲ್ಲಿ ಇದು ಮಸುಕಾಗುತ್ತದೆ. ಸಂಗೀತ ಕಲಿಯದೆ ಕೇಳುವವನಿಗೆ ವಾದಕನ ಶ್ರಮ ಎಲ್ಲಿದೆ ಎಂದು ತೋರಿಸುವ ಇದಕ್ಕಿಂತ ಸರಳವಾದ ಉಪಾಯ ನನಗೆ ಕಂಡಿಲ್ಲ.

ಆಸ್ಟ್ರಿಯಾದ ರಚನಕಾರ ಹೈಡನ್ ಅವರ ಟ್ರಂಪೆಟ್ ಕಾನ್ಸರ್ಟೊವನ್ನೇ ತೆಗೆದುಕೊಳ್ಳಿ. 1796ರಲ್ಲಿ ಅವರು ಅದನ್ನು ಬರೆದದ್ದು ಆಂಟನ್ ವೈಡಿಂಗರ್ ಎಂಬ ವಾದಕರಿಗಾಗಿ; ವೈಡಿಂಗರ್ ಅವರ ಟ್ರಂಪೆಟ್‌ನ ಕೊಳವೆಯಲ್ಲಿ ರಂಧ್ರಗಳಿದ್ದು, ಅವುಗಳನ್ನು ಕೀಲಿಗಳಿಂದ ತೆರೆದರೆ ಸ್ವರ ಮೇಲೇರುತ್ತಿತ್ತು. 1800ರ ಮಾರ್ಚ್ 28ರಂದು ವಿಯೆನ್ನಾದಲ್ಲಿ ಅದರ ಪ್ರಥಮ ಪ್ರದರ್ಶನವಾಯಿತು. ಪಿಸ್ಟನ್‌ಗಳ ಪೂರ್ವಜರಾದ ಕವಾಟಗಳಿಗೆ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಪೇಟೆಂಟ್ ಪಡೆದದ್ದು ಇನ್ನೂ ಹದಿನೆಂಟು ವರ್ಷ ಕಳೆದ ಮೇಲೆ. ಮೊದಲ ಭಾಗದಲ್ಲಿ ಏಕವಾದನ ಶುರುವಾಗುವ ಮೊದಲು, ವಾದ್ಯವೃಂದ ನುಡಿಸುತ್ತಿರುವಾಗಲೇ ಟ್ರಂಪೆಟ್ ಒಂದೆರಡು ಕಡೆ ಹಳೆಯ ಸಹಜ ಟ್ರಂಪೆಟ್ ನುಡಿಸಬಲ್ಲ ಸ್ವರಗಳನ್ನು ಮಾತ್ರ ಊದಿ ಸುಮ್ಮನಾಗುತ್ತದೆ. ಆಮೇಲೆ ತನ್ನ ಸರದಿ ಬಂದಾಗ ಕೆಳಗಿನ ಸ್ಥಾಯಿಯಲ್ಲಿಯೇ ಒಂದರ ಪಕ್ಕ ಒಂದು ಸ್ವರವಿಟ್ಟು ರಾಗವನ್ನು ಎತ್ತಿಕೊಳ್ಳುತ್ತದೆ. ಇದನ್ನು ಕೇಳಿದ ಅಂದಿನ ಸಭಿಕರಿಗೆ ಆಗಿರಬಹುದಾದ ಬೆರಗನ್ನು ನಮಗೆ ಇಂದು ಊಹಿಸುವುದು ಕಷ್ಟ, ಏಕೆಂದರೆ ಪಿಸ್ಟನ್ ಟ್ರಂಪೆಟ್‌ಗೆ ಅದು ತೀರ ಸಾಮಾನ್ಯ. ಆ ಎರಡು ಜಾಗಗಳಿಗೆ ಗುರುತು ಹಾಕಿ, ಒಂದರಿಂದ ಇನ್ನೊಂದಕ್ಕೆ ಒಂದೇ ಒತ್ತಿನಲ್ಲಿ ಜಿಗಿಯುವಂತೆ ಸ್ಕ್ರಿಪ್ಟಿನಲ್ಲಿ ಮಾಡಿಕೊಂಡಿದ್ದೇನೆ. ಹೈಡನ್ ಅವರ ತಮಾಷೆ ಆಗ ಚೆನ್ನಾಗಿ ಹಿಡಿತಕ್ಕೆ ಬರುತ್ತದೆ.

ತಿಪಟೂರು ಓದುಗ

ನನ್ನ ಎರಡು ಮಾತುಗಳು, ಎರಡೂ ಎಚ್ಚರಿಕೆಯವು.

ಯೂಸರ್‌ಸ್ಕ್ರಿಪ್ಟನ್ನು ಎಲ್ಲ ತಾಣಗಳಲ್ಲೂ ಓಡುವಂತೆ ಬಿಡಬೇಡಿ. ಸ್ಕ್ರಿಪ್ಟಿನ ತಲೆಬರಹದಲ್ಲಿ ‘ಮ್ಯಾಚ್’ ಎಂಬ ಸಾಲು ಇರುತ್ತದೆ. ಅದರಲ್ಲಿ ನೀವು ಸಂಗೀತ ಕೇಳುವ ತಾಣದ ವಿಳಾಸವನ್ನಷ್ಟೇ ಕೊಡಿ. ಯಾರೋ ಬರೆದ ಸ್ಕ್ರಿಪ್ಟನ್ನು ಓದದೆ ಹಾಕಿಕೊಂಡರೆ, ಆ ಸ್ಕ್ರಿಪ್ಟ್ ನಿಮ್ಮ ಬ್ಯಾಂಕಿನ ಪುಟದಲ್ಲಿ ನೀವು ಟೈಪು ಮಾಡಿದ್ದನ್ನೂ ಓದಬಲ್ಲದು. ಲೆಕ್ಕಪತ್ರದ ಕೆಲಸವನ್ನೂ ಇದೇ ಬ್ರೌಸರಿನಲ್ಲಿ ಮಾಡುವುದಾದರೆ ಸಂಗೀತಕ್ಕೆ ಬೇರೆ ಪ್ರೊಫೈಲ್ ಇಟ್ಟುಕೊಳ್ಳುವುದು ಕ್ಷೇಮ. ಕ್ರೋಮ್ ಬ್ರೌಸರ್ ಬಳಸುವವರು, ವಿಸ್ತರಣೆಯನ್ನು ಹಾಕಿದ ಮೇಲೂ ಯೂಸರ್‌ಸ್ಕ್ರಿಪ್ಟುಗಳಿಗೆ ಪ್ರತ್ಯೇಕವಾಗಿ ಅನುಮತಿ ಕೊಡಬೇಕಾಗುತ್ತದೆ ಎಂಬುದನ್ನು ಗಮನಿಸಿ.

ಎರಡನೆಯದು ಕನ್ನಡ ಅಕ್ಷರಗಳ ಕುರಿತು. ಜಾಗ ಉಳಿಸಲೆಂದು ಸಾಲುಗಳ ಅಂತರವನ್ನು ಕುಗ್ಗಿಸುವವರು ಮೊದಲು ಕತ್ತರಿಸುವುದು ನಮ್ಮ ಒತ್ತಕ್ಷರಗಳನ್ನೇ. ‘ಸ್ತ್ರೀ’, ‘ರಾಷ್ಟ್ರ’ ಎಂಬ ಪದಗಳ ಕೆಳಭಾಗ ಪಕ್ಕದ ಸಾಲಿಗೆ ತಾಗುತ್ತದೆ ಅಥವಾ ಮರೆಯಾಗುತ್ತದೆ. ಸಾಲಿನ ಎತ್ತರವನ್ನು 1.6ಕ್ಕಿಂತ ಕಡಿಮೆ ಮಾಡದಿದ್ದರೆ ಒಳ್ಳೆಯದು. ‘ಫಾಂಟ್‌ಫೇಸ್’ ನಿಯಮದಲ್ಲಿ ‘ಯೂನಿಕೋಡ್‌ರೇಂಜ್’ ಕೊಟ್ಟು, ಕನ್ನಡದ ವ್ಯಾಪ್ತಿಯಾದ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಅಕ್ಷರಗಳಿಗೆ ಮಾತ್ರ ನಿಮಗೆ ಬೇಕಾದ ಫಾಂಟನ್ನು ಜೋಡಿಸಬಹುದು. ಪುಟದ ಭಾಷೆ ಯಾವುದೆಂದು ತಾಣದವರು ನಮೂದಿಸದಿದ್ದರೂ ಇದು ಕೆಲಸ ಮಾಡುತ್ತದೆ. ನಾನು ಗುಬ್ಬಿ ಫಾಂಟನ್ನು ಬಳಸುತ್ತೇನೆ. ನಮ್ಮ ಜಿಲ್ಲೆಯ ಊರಿನ ಹೆಸರೆಂಬ ಅಭಿಮಾನವೂ ಸ್ವಲ್ಪ ಇದೆ ಎನ್ನಿ.

ಕ್ಯಾತ್ಸಂದ್ರದವ

ನಮ್ಮದು ಬಾಡಿಗೆ ಮನೆ, ಗೋಡೆಯಾಚೆ ಮಾಲೀಕರಿದ್ದಾರೆ. ರಾತ್ರಿ ಹೊತ್ತು ಮೆಲುದನಿಯ ಭಾಗ ಕೇಳಿಸಲೆಂದು ಧ್ವನಿ ಏರಿಸಿದರೆ, ಮುಂದಿನ ಗಳಿಗೆಯಲ್ಲಿ ಟ್ರಂಪೆಟ್ ಕಿವಿ ಒಡೆಯುವಂತೆ ಬರುತ್ತದೆ. ವೆಬ್ ಆಡಿಯೊದ ‘ಡೈನಮಿಕ್ಸ್ ಕಂಪ್ರೆಸರ್ ನೋಡ್’ ಒಂದನ್ನು ನಡುವೆ ಸೇರಿಸಿದರೆ ಏರಿಳಿತ ಸಮವಾಗುತ್ತದೆ. ಇದನ್ನೂ ಸ್ಕ್ರಿಪ್ಟಿಗೆ ಸೇರಿಸಬಹುದಲ್ಲವೇ?

ಶಿರಾಗೇಟ್ ಕೇಳುಗ

ಸೇರಿಸಬಹುದು, ನಾನು ಸೇರಿಸುವುದಿಲ್ಲ. ಮುಸೋರ್ಗ್‌ಸ್ಕಿ ಪಿಯಾನೊಗೆ ಬರೆದ ‘ಚಿತ್ರಪ್ರದರ್ಶನ’ ಕೃತಿಗೆ ರವೆಲ್ 1922ರಲ್ಲಿ ಮಾಡಿದ ವಾದ್ಯವೃಂದದ ರೂಪ ಒಂಟಿ ಟ್ರಂಪೆಟ್‌ನಿಂದ, ತೆರೆದ ಗಂಟಲಿನಿಂದ ಶುರುವಾಗುತ್ತದೆ. ಮುಂದೆ ಇಬ್ಬರು ವ್ಯಕ್ತಿಗಳ ವಾಗ್ವಾದವನ್ನು ಚಿತ್ರಿಸುವ ಭಾಗದಲ್ಲಿ ಅದೇ ವಾದ್ಯ ಬಾಯಿಗೆ ಮ್ಯೂಟ್ (ದನಿ ತಗ್ಗಿಸುವ ಬಿರಡೆ) ಹಾಕಿಕೊಂಡು ಗೋಗರೆಯುತ್ತದೆ. ಏರಿಳಿತವನ್ನು ಸಮ ಮಾಡಿದರೆ ಈ ಎರಡರ ನಡುವಿನ ಅಂತರ ಉಳಿಯುವುದಿಲ್ಲ. ಹೆಡ್‌ಫೋನ್ ಹಾಕಿಕೊಳ್ಳುವುದು ಕಂಪ್ರೆಸರ್‌ಗಿಂತ ಮೇಲು. ನಿಮಗೆ ಬೇಕೇ ಬೇಕೆಂದಾದರೆ ಅದನ್ನು ಪ್ರತ್ಯೇಕ ಸ್ಕ್ರಿಪ್ಟಾಗಿ ಬರೆದುಕೊಡುತ್ತೇನೆ.

ಗುಬ್ಬಿಗೇಟ್ ವಿದ್ಯಾರ್ಥಿನಿ

ಮೇಷ್ಟ್ರ ಆಕ್ಷೇಪಣೆಯನ್ನೂ ಸರ್ ಅವರ ಸ್ಕ್ರಿಪ್ಟನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಿದಾಗ ನನಗೆ ತೋಚಿದ್ದನ್ನು ಹೇಳುತ್ತೇನೆ. ಶ್ರುತಿ ಬದಲಿಸುವ ಸೌಲಭ್ಯ ಕೇಳುವವರಿಗಿಂತ ನಮ್ಮಂಥ ಕಲಿಯುವವರಿಗೇ ಹೆಚ್ಚು ಪ್ರಯೋಜನಕಾರಿ. ಹುಮೆಲ್ ಅವರು 1803ರಲ್ಲಿ, ಅದೇ ವೈಡಿಂಗರ್ ಅವರಿಗಾಗಿ ಬರೆದ ಕಾನ್ಸರ್ಟೊ ಮೂಲದಲ್ಲಿ ಇ ಮೇಜರ್‌ನಲ್ಲಿದೆ, ಅಂದರೆ ‘ಇ’ ಎಂಬ ಸ್ವರವೇ ಅದರ ಷಡ್ಜ. ಇಂದಿನ ಟ್ರಂಪೆಟ್‌ಗೆ ಬೆರಳಾಟ ಸುಲಭವಾಗಲೆಂದು ಬಹಳ ಮಂದಿ ಅದನ್ನು ಒಂದು ಸ್ವರಸ್ಥಾನ ಇಳಿಸಿ ಇ ಫ್ಲಾಟ್‌ನಲ್ಲಿ ನುಡಿಸುತ್ತಾರೆ. ನನ್ನ ಬಳಿಯಿರುವ ಲಿಪಿ ಇ ಫ್ಲಾಟ್‌ನದು, ನನಗೆ ಇಷ್ಟವಾದ ಧ್ವನಿಮುದ್ರಣ ಇ ಯಲ್ಲಿದೆ. ವೇಗವನ್ನು 0.944 ಮಾಡಿ ಶ್ರುತಿ ರಕ್ಷಣೆ ತೆಗೆದರೆ ಅದು ನನ್ನ ಲಿಪಿಗೆ ಹೊಂದುತ್ತದೆ. ಎಂಟು ಸೆಕೆಂಡಿನ ಸಾಲು ಎಂಟೂವರೆ ಸೆಕೆಂಡಾಗುತ್ತದೆ ಅಷ್ಟೆ. ಉಸಿರಿನ ಜಾಗ ಬದಲಾಗುವುದಿಲ್ಲ. ಮೇಷ್ಟ್ರೇ, ಇಷ್ಟು ಮಟ್ಟಿಗೆ ನಿಮ್ಮ ಒಪ್ಪಿಗೆ ಇದೆಯೇ?

ಇನ್ನು ನಾಲಿಗೆಯ ಹೊಡೆತದ ಅಭ್ಯಾಸ. ಫ್ರಾನ್ಸಿನ ಕಾರ್ನೆಟ್ ವಾದಕ ಆರ್ಬನ್ ಅವರು 1864ರಲ್ಲಿ ಪ್ರಕಟಿಸಿದ ಪಾಠಕ್ರಮದಲ್ಲಿ ಜೋಡಿ ಹೊಡೆತ, ಮೂರರ ಹೊಡೆತ ಎಂದು ಪುಟಗಟ್ಟಲೆ ಅಭ್ಯಾಸಗಳಿವೆ. ಮನೆಯಲ್ಲಿ ಅಮ್ಮ ಅದನ್ನು ಕೇಳಿ, ಇದು ಮೃದಂಗದವರು ಬಾಯಲ್ಲಿ ಹೇಳುವ ‘ತಕ’ ತಾನೇ ಎಂದರು. ನಿಜಕ್ಕೂ ಹೌದು, ನಾಲಿಗೆಯ ತುದಿಯಿಂದ ‘ತ’, ಹಿಂಭಾಗದಿಂದ ‘ಕ’. ಇದನ್ನು ಹಿಗ್ಗಿಸಿದ ಧ್ವನಿಯಲ್ಲಿ ಕೇಳಿದರೆ ‘ತ’ ಯಾವುದು, ‘ಕ’ ಯಾವುದು ಎಂದು ತಿಳಿಯುವುದೇ ಇಲ್ಲ. ಟೇಪಿನ ಬಗೆಯಲ್ಲಿ ಇಳಿಸಿದರೆ ಎರಡೂ ಸಮವಾಗಿವೆಯೇ, ‘ಕ’ ಸೊರಗಿದೆಯೇ ಎಂಬುದು ಗೊತ್ತಾಗುತ್ತದೆ. ನನ್ನದೇ ವಾದನವನ್ನು ಮೊಬೈಲಿನಲ್ಲಿ ಮುದ್ರಿಸಿ, ಬ್ರೌಸರಿನಲ್ಲಿ ಹೀಗೆ ಕೇಳಲು ಆರಂಭಿಸಿದ್ದೇನೆ. ನನ್ನ ‘ಕ’ ಸೊರಗಿದೆ.

ನಿವೃತ್ತ ಬ್ಯಾಂಡ್ ವಾದಕ

0.944ಕ್ಕೆ ನನ್ನ ಒಪ್ಪಿಗೆ ಇದೆಯಮ್ಮ. 0.9ಕ್ಕಿಂತ ಕೆಳಗೆ ಹೋದಾಗ ವಾದ್ಯವನ್ನು ಕೈಯಿಂದ ಕೆಳಗಿಟ್ಟು ಕೇಳು, ಬೇಕಾದರೆ ಗಾಳಿಯಲ್ಲಿ ಬೆರಳಾಡಿಸು. ‘ಕ’ ಸೊರಗುವುದು ಎಲ್ಲರಿಗೂ ಇದ್ದದ್ದೇ. ಕೆಲವು ದಿನ ಬರೀ ‘ಕ ಕ ಕ’ ಎಂದೇ ಊದಿದರೆ ಬಲಿಯುತ್ತದೆ.

ಕೇಳುಗರಲ್ಲಿ ಒಂದು ಕೋರಿಕೆ. ಪುನರಾವರ್ತನೆಗೆ ಗುರುತು ಹಾಕುವಾಗ ಎಲ್ಲರೂ ಮೊದಲ ಸ್ವರದ ಮೇಲೆಯೇ ಹಾಕುತ್ತಾರೆ. ಸಾಲು ಶುರುವಾಗುವುದು ಸ್ವರದಿಂದಲ್ಲ, ಅದಕ್ಕೆ ಮುಂಚಿನ ಉಸಿರಿನಿಂದ. ಒಳ್ಳೆಯ ಧ್ವನಿಮುದ್ರಣದಲ್ಲಿ ವಾದಕ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ, ಯಾವ ಗತಿಯಲ್ಲಿ ಎಳೆದುಕೊಳ್ಳುತ್ತಾನೋ ಅದೇ ಗತಿಯಲ್ಲಿ ಊದುತ್ತಾನೆ. ಪ್ರತಿ ಸಲವೂ ಅದು ಕತ್ತರಿಸಿಹೋದರೆ ವಿದ್ಯಾರ್ಥಿಗೆ ಸಿದ್ಧವಾಗುವ ಸಮಯವೂ ಸಿಗುವುದಿಲ್ಲ. ಗುರುತಿಗಿಂತ ಸ್ವಲ್ಪ ಹಿಂದಿನಿಂದ ಶುರುವಾಗುವಂತೆ ಮಾಡಲು ಬರುತ್ತದೆಯೇ?

ಶಿರಾಗೇಟ್ ಕೇಳುಗ

ಬರುತ್ತದೆ ಮೇಷ್ಟ್ರೇ, ಒಂದೇ ಸಾಲಿನ ಕೆಲಸ. ಹಿಂದಕ್ಕೆ ಜಿಗಿಯುವಾಗ ಆರಂಭದ ಬಿಂದುವಿನಿಂದ ಎರಡು ಸೆಕೆಂಡುಗಳನ್ನು ಕಳೆಯುವಂತೆ ಈಗಷ್ಟೇ ಸೇರಿಸಿದ್ದೇನೆ. ವೇಗ ಇಳಿಸಿದಾಗ ಈ ಅಂತರವೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ, ಆದ್ದರಿಂದ ಎಣಿಕೆ ತಪ್ಪುವುದಿಲ್ಲ. ಬೇಡವೆನ್ನುವವರು ಅದನ್ನು ಸೊನ್ನೆ ಮಾಡಿಕೊಳ್ಳಬಹುದು. ಹುಡುಕುವ ಪೆಟ್ಟಿಗೆಯಲ್ಲಿ ಟೈಪು ಮಾಡುವಾಗ ಸ್ಕ್ರಿಪ್ಟಿನ ಕೀಲಿಗಳು ಕೆಲಸ ಮಾಡದಂತೆಯೂ ತಡೆ ಹಾಕಿದ್ದೇನೆ. ತಿಪಟೂರಿನವರ ಸಲಹೆಯಂತೆ ‘ಮ್ಯಾಚ್’ ಸಾಲಿನಲ್ಲಿ ಅಸ್ತಿತ್ವದಲ್ಲೇ ಇಲ್ಲದ ಒಂದು ವಿಳಾಸವನ್ನು ಇಟ್ಟು ಸ್ಕ್ರಿಪ್ಟನ್ನು ಈ ಚರ್ಚೆಗೆ ಲಗತ್ತಿಸುತ್ತಿದ್ದೇನೆ. ಅದರ ಜಾಗದಲ್ಲಿ ನಿಮ್ಮ ತಾಣದ ವಿಳಾಸವನ್ನು ನೀವೇ ತುಂಬಿಕೊಳ್ಳದ ಹೊರತು ಅದು ಎಲ್ಲಿಯೂ ಓಡುವುದಿಲ್ಲ.